ಪಾರ್ಕಿನ ಹುಲ್ಲಿಗೆ ಟ್ಯಾಂಕರ್ ತರಿಸುವುದಾ, ಬೇಡವಾ?

ಲೇಔಟ್ ಸೆಕ್ರೆಟರಿ (ಮಾರ್ಚ್ 2024)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಲೇಔಟ್. ಸಂಘದ ಕೆಲಸ ಈ ವರ್ಷ ನನ್ನ ತಲೆಗೆ ಬಂದಿದೆ. ಪಾರ್ಕ್ ವಿಷಯಕ್ಕೆ ಮೀಟಿಂಗ್‌ನಲ್ಲಿ ಜಗಳವೇ ಆಯಿತು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಪಾರ್ಕಿನಲ್ಲಿ ಸುಮಾರು 6,000 ಚದರ ಅಡಿ ಹುಲ್ಲು ಇದೆ. ಅರ್ಧ ಕೊರಿಯನ್ ಗ್ರಾಸ್, ಇನ್ನರ್ಧಕ್ಕೆ ಗರಿಕೆ ತಾನಾಗಿಯೇ ಹಬ್ಬಿದೆ. ಸುತ್ತ ಡ್ಯುರಾಂಟಾ ಬೇಲಿ. 40 ಗಿಡ ನೆಟ್ಟು ಎರಡು ವರ್ಷ ಆಗಿದೆ: ಹೊಂಗೆ, ನೇರಳೆ, ಸಂಪಿಗೆ, ಟಬೆಬುಯಾ. ಪಾರ್ಕಿನ ಬೋರು ಈಗ ಸ್ವಲ್ಪ ಹೊತ್ತು ಓಡಿ ಗಾಳಿ ಹೊಡೆಯುತ್ತದೆ. ನಲ್ಲಿ ನೀರು ಮನೆಗೇ ಸಾಲದು, ಪಾರ್ಕಿಗೆ ಎಲ್ಲಿಂದ ತರುವುದು?

ಅರ್ಧ ಜನ ದಿನಾ ಟ್ಯಾಂಕರ್ ತರಿಸಿ ಅನ್ನುತ್ತಾರೆ. ಇನ್ನರ್ಧ ಜನ ಪಾರ್ಕಿಗೆ ಒಂದು ಹನಿ ನೀರೂ ಬೇಡ, ಎಲ್ಲ ನಿಲ್ಲಿಸಿ ಅನ್ನುತ್ತಾರೆ. ಟ್ಯಾಂಕರ್ ದುಡ್ಡು ಸಂಘದ್ದು. ಏನು ಮಾಡಲಿ?

ಬೆಂಗಳೂರಿಂದ ವಾಪಸ್

ಎಲ್ಲ ನಿಲ್ಲಿಸಿ ಅನ್ನುವವರ ಕಡೆ ನಾನು. ಬೆಂಗಳೂರಿನಲ್ಲಿ ಇದೇ ತಿಂಗಳು ಜಲಮಂಡಳಿ ಆದೇಶ ಹೊರಡಿಸಿದೆ, ನೋಡಿದಿರಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ ಇನ್ನೊಂದು 5,000, ಜೊತೆಗೆ ದಿನಕ್ಕೆ 500. ಆ ಆದೇಶ ಬೆಂಗಳೂರಿಗೆ ಮಾತ್ರ, ನಮಗೆ ಅನ್ವಯಿಸುವುದಿಲ್ಲ. ಆದರೆ ಬರ ಎಲ್ಲ ಕಡೆಯೂ ಇದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದೆ. ಇಂಥ ಹೊತ್ತಲ್ಲಿ ಹುಲ್ಲಿಗೆ ಟ್ಯಾಂಕರ್ ನಿಲ್ಲಿಸಿಕೊಂಡರೆ ನೋಡಿದವರು ಏನಂದುಕೊಳ್ಳುತ್ತಾರೆ?

ಮೂರನೇ ಕ್ರಾಸ್

ನೋಡಿದವರು ಏನಾದರೂ ಅಂದುಕೊಳ್ಳಲಿ ಸರ್. ಆ ಲಾನ್ ಹಾಕಿಸುವುದಕ್ಕೆ ನಾವೇ ಮನೆಮನೆಗೆ ಹೋಗಿ ದುಡ್ಡು ಎತ್ತಿದ್ದೇವೆ. ಸಂಜೆ ವಯಸ್ಸಾದವರು ಕೂರುವುದು ಅಲ್ಲೇ, ಮಕ್ಕಳು ಆಡುವುದೂ ಅಲ್ಲೇ. ಒಣಗಿಸಿದರೆ ಬರೀ ಧೂಳು ಏಳುತ್ತದೆ. ನಮ್ಮ ತಾಯಿಗೆ ಉಬ್ಬಸ ಇದೆ, ಧೂಳಿನ ಕಷ್ಟ ಏನು ಅಂತ ನನಗೆ ಗೊತ್ತು.

ಇನ್ನೊಂದು ಮಾತು. ಊರಿನ ಆಚೆ ಹೋಗಿ ನೋಡಿ. ಎಸ್ಟೇಟುಗಳಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್ ಚಿಮ್ಮುತ್ತಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ. ನಮ್ಮ ಅಂಗೈ ಅಗಲದ ಪಾರ್ಕಿನ ಮೇಲೆ ಎಲ್ಲರ ಕಣ್ಣು.

ಕಾಫಿಗಿಡ

ಎಸ್ಟೇಟ್ ಮಾತು ಬಂತಲ್ಲ, ನಾನೇ ಉತ್ತರ ಕೊಡುತ್ತೇನೆ. ನಮ್ಮದು ಸಣ್ಣ ತೋಟ, ರೋಬಸ್ಟಾ ಕಾಫಿ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಂದರೆ ನಾವು ಸ್ಪ್ರಿಂಕ್ಲರ್ ಮುಟ್ಟುವುದೇ ಇಲ್ಲ. ಬರದಿದ್ದರೆ ಕೊಡಲೇಬೇಕು, ಆ ವರ್ಷದ ಫಸಲೇ ಅದರ ಮೇಲೆ ನಿಂತಿದೆ. ಒಂದು ಇಂಚು ನೀರು ಅಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್. ಹೌದು, ಜಾಸ್ತಿಯೇ. ಆದರೆ ಕೊಡುವುದು ಬ್ಲಾಸಮ್‌ಗೆ, ಅಂದರೆ ಹೂ ಅರಳುವುದಕ್ಕೆ, ಒಂದು ಸಲ, ಆಮೇಲೆ ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್‌ಗೆ, ಅಂದರೆ ಕಾಯಿ ನಿಲ್ಲುವುದಕ್ಕೆ, ಇನ್ನೊಂದು ಸಲ. ದಿನಾ ಯಾರೂ ಚಿಮುಕಿಸುವುದಿಲ್ಲ. ಅರೆಬರೆ ನೀರು ಕೊಟ್ಟರೆ ಮೊಗ್ಗೇ ಕೆಡುತ್ತದೆ. ಕೊಟ್ಟರೆ ಪೂರ್ತಿ ಇಂಚು ಕೊಡಬೇಕು, ಇಲ್ಲದಿದ್ದರೆ ಕೊಡಲೇಬಾರದು.

ಹಳ್ಳ ಬತ್ತುವವರೆಗೂ ಮೋಟಾರ್ ಇಟ್ಟು ಎಳೆಯುವವರೂ ಇದ್ದಾರೆ. ಅವರ ಪರ ನಾನು ಮಾತಾಡುವುದಿಲ್ಲ. ನಮ್ಮದು ಮಳೆಗಾಲದಲ್ಲಿ ತುಂಬಿಸಿಕೊಂಡ ಕೆರೆ, ಅದು ಖಾಲಿಯಾದರೆ ನಮ್ಮ ಆಟ ಮುಗೀತು.

ಒಂದು ಕೇಳಲಾ? ನಿಮ್ಮ ಪಾರ್ಕಿನಲ್ಲಿ ದಿನಾ ಸಂಜೆ ಪೈಪ್ ಹಿಡಿದು ಮೇಲೆ ಮೇಲೆ ಒದ್ದೆ ಮಾಡುತ್ತಾರೆ ಅಲ್ವಾ?

ಲೇಔಟ್ ಸೆಕ್ರೆಟರಿ

ಹೌದು ಸರ್. ಬೋರು ಚೆನ್ನಾಗಿದ್ದಾಗ ಹಾಗೇ ಮಾಡುತ್ತಿದ್ದರು.

ಕಾಫಿಗಿಡ

ಹಾಗಾದರೆ ಬೇರು ಎಲ್ಲ ಮೇಲೆಯೇ ಇರುತ್ತದೆ. ದಿನಾ ಮೇಲಿನ ಎರಡು ಬೆರಳು ಮಣ್ಣು ಒದ್ದೆಯಾಗುತ್ತಿದ್ದರೆ ಬೇರು ಕೆಳಗೆ ಯಾಕೆ ಹೋಗುತ್ತದೆ? ಬಿಸಿಲಿಗೆ ಮೊದಲು ಒಣಗುವುದೂ ಆ ಎರಡು ಬೆರಳೇ.

ನರ್ಸರಿ ಅಕ್ಕ

ನನ್ನದು ಗಿಡ ಮಾರುವ ಕೆಲಸ, ಲಾನ್ ಹಾಕಿಕೊಡುವ ಕೆಲಸವೂ ಇದೆ. ಹಾಗಾಗಿ ಹುಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಹುಲ್ಲು ಹಸಿರಾಗಿಯೇ ಇರಬೇಕು ಅಂದರೆ ದಿನಕ್ಕೆ ಸುಮಾರು 4 ಮಿಲಿಮೀಟರ್ ಬೇಕು. 6,000 ಚದರ ಅಡಿ ಅಂದರೆ ಹೆಚ್ಚುಕಮ್ಮಿ 557 ಚದರ ಮೀಟರ್. ದಿನಕ್ಕೆ 2,200 ಲೀಟರ್ ದಾಟುತ್ತದೆ. ತಿಂಗಳಿಗೆ 66,000ದ ಮೇಲೆ. 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 13 ಲೋಡು. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ. ಅಂದರೆ ಈ ಹುಲ್ಲು ಒಂದು ದಿನಕ್ಕೆ ಕುಡಿಯುವುದು 16 ಜನರ ನೀರು.

ಈಗ ಗಿಡದ ಲೆಕ್ಕ ನೋಡಿ. 40 ಗಿಡಕ್ಕೆ ತಲಾ 20 ಲೀಟರ್, ವಾರಕ್ಕೆ ಎರಡು ಸಲ. ವಾರಕ್ಕೆ 1,600 ಲೀಟರ್. ತಿಂಗಳಿಗೆ 7,000 ಲೀಟರ್ ಒಳಗೇ ಮುಗಿಯುತ್ತದೆ, ಒಂದೂವರೆ ಲೋಡೂ ಆಗುವುದಿಲ್ಲ. ನಿಮ್ಮ ಮೀಟಿಂಗ್‌ನಲ್ಲಿ ಒಂದು ಕಡೆಯವರು ದಿನಾ ಟ್ಯಾಂಕರ್ ಅಂದರು, ಇನ್ನೊಂದು ಕಡೆಯವರು ಒಂದು ಹನಿಯೂ ಬೇಡ ಅಂದರು. ಇಬ್ಬರೂ ಹುಲ್ಲನ್ನು, ಮರವನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ಹುಲ್ಲು ಒಣಗಿದರೆ ಮಳೆ ಬಿದ್ದ ಮೇಲೆ ತಿಂಗಳೊಪ್ಪತ್ತಲ್ಲಿ ಬರುತ್ತದೆ. ಪೂರ್ತಿ ಸತ್ತರೂ ಮತ್ತೆ ನಾಟಿ ಮಾಡಬಹುದು. ಎರಡು ವರ್ಷದ ನೇರಳೆ ಸತ್ತರೆ ಆ ಎರಡು ವರ್ಷವೂ ಹೋಯಿತು, ಮುಂದಿನ ಹತ್ತು ವರ್ಷದ ನೆರಳೂ ಹೋಯಿತು.

ಗರಿಕೆ ಬಗ್ಗೆ ಚಿಂತೆಯೇ ಬೇಡ. ಅದರ ಜೀವ ಇರುವುದು ನೆಲದೊಳಗಿನ ಕಾಂಡದಲ್ಲಿ. ಮೇಲೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ, ಸತ್ತಿರುವುದಿಲ್ಲ. ಕೊರಿಯನ್ ಗ್ರಾಸ್ ಕೂಡ ಮಲಗುತ್ತದೆ, ಆದರೆ ಏಳುವುದು ನಿಧಾನ. ಅದಕ್ಕೆ ಮೂರು ವಾರಕ್ಕೊಮ್ಮೆ ಅರ್ಧ ಇಂಚು ನೀರು ಕೊಟ್ಟರೆ ಬುಡ ಬದುಕಿರುತ್ತದೆ. ನಿಮ್ಮ ಅರ್ಧ ಜಾಗಕ್ಕೆ ಒಂದು ಲೋಡಿಗಿಂತ ಕಡಿಮೆ ಸಾಕು. ಹಸಿರಾಗುವುದಿಲ್ಲ, ಬದುಕುತ್ತದೆ ಅಷ್ಟೇ. ಹಸಿರು ಮಾಡುತ್ತೇನೆ ಅಂತ ಯೂರಿಯಾ ಹಾಕಬೇಡಿ. ಮೆಷಿನ್ ಹೊಡೆಯುವುದನ್ನೂ ನಿಲ್ಲಿಸಿ, ಎತ್ತರ ಇರುವ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಮಾಡಿಕೊಳ್ಳುತ್ತದೆ.

ಡ್ಯುರಾಂಟಾ ಬೇಲಿ ಕತ್ತರಿಸುವುದನ್ನೂ ಮಳೆ ಬರುವವರೆಗೆ ಬಿಡಿ. ಕತ್ತರಿಸಿದಷ್ಟೂ ಚಿಗುರು ಬರುತ್ತದೆ, ಚಿಗುರು ಬಂದಷ್ಟೂ ನೀರು ಕೇಳುತ್ತದೆ. ಮುಂದೆ ಬೇಲಿ ಬದಲಿಸುವುದಾದರೆ ಕಾಗದದ ಹೂ ಹಾಕಿ, ಅದಕ್ಕೆ ನೀರು ಕಡಿಮೆ ಆದಷ್ಟೂ ಹೂವು ಜಾಸ್ತಿ.

ಕಡೂರು ಹುಡುಗ

ನಿಮ್ಮ ಊರಲ್ಲಿ ಬರದ ಬಗ್ಗೆ ಚರ್ಚೆ ನೋಡಿ ನಗು ಬರುತ್ತಿದೆ, ಬೇಜಾರಾಗಬೇಡಿ. ಒಂದೇ ಜಿಲ್ಲೆ. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ಯಗಚಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ನಮ್ಮ ವೇದಾವತಿಯೂ ಅದೇ ಗುಡ್ಡದಿಂದ ಇಳಿದು ಬರುತ್ತಾಳೆ, ಕಡೂರು ಮುಟ್ಟುವಷ್ಟರಲ್ಲಿ ಮರಳು ಮಾತ್ರ ಉಳಿದಿರುತ್ತದೆ. ನಮ್ಮ ಕಡೆ ಲಾನ್ ಅಂದರೆ ಮದುವೆ ಹಾಲ್ ಫೋಟೋದಲ್ಲಿ ನೋಡುವುದು. ಬೇವು ಹಾಕಿ, ಹೊಂಗೆ ಹಾಕಿ. ನೆರಳಿಗೆ ನೆರಳು, ನೀರಿನ ರಗಳೆ ಇಲ್ಲ.

ಮೂರನೇ ಕ್ರಾಸ್

ಅಕ್ಕ, ನಿಮ್ಮ ಲೆಕ್ಕ ಒಪ್ಪಿದೆ. 13 ಲೋಡು ಅಂದುಕೊಂಡಿರಲಿಲ್ಲ. ಆದರೆ ಧೂಳಿಗೆ ಏನು ಮಾಡುವುದು ಅಂತ ಯಾರೂ ಹೇಳಲಿಲ್ಲ. ಕೃತಕ ಹುಲ್ಲು ಹಾಸಿಬಿಟ್ಟರೆ ಹೇಗೆ? ನೀರೇ ಬೇಡವಲ್ಲ.

ನರ್ಸರಿ ಅಕ್ಕ

ಅದು ಪ್ಲಾಸ್ಟಿಕ್. ಮಧ್ಯಾಹ್ನದ ಬಿಸಿಲಲ್ಲಿ ಬರಿಗಾಲಲ್ಲಿ ಕಾಲಿಡಲಾಗುವುದಿಲ್ಲ. ಧೂಳು ಕೂತರೆ ಅದನ್ನೂ ತೊಳೆಯಬೇಕು, ಅದಕ್ಕೂ ನೀರೇ ಬೇಕು. ಕೆಳಗಿನ ಮಣ್ಣು ಉಸಿರಾಡುವುದಿಲ್ಲ, ಪಕ್ಕದ ಗಿಡದ ಬೇರಿಗೂ ಕಷ್ಟ. ನನಗೆ ಮಾರಿದರೆ ಲಾಭ ಇದೆ, ಆದರೂ ಬೇಡ ಅನ್ನುತ್ತೇನೆ.

ಧೂಳು ಏಳುವುದು ಜನ ನಡೆದು ಸವೆದ ಜಾಗದಲ್ಲಿ. ಮಲಗಿರುವ ಹುಲ್ಲಿನ ಮೇಲೆ ಓಡಾಡದಂತೆ ಹಗ್ಗ ಕಟ್ಟಿ. ಕೂರುವ ಬೆಂಚಿನ ಸುತ್ತ, ನಡೆಯುವ ದಾರಿಗೆ ಕಾಫಿ ಹೊಟ್ಟೋ ತರಗೋ ಹಾಸಿ. ಬೇರೆ ಊರಿನವರು ಇದಕ್ಕೆ ದುಡ್ಡು ಕೊಡುತ್ತಾರೆ, ನಮ್ಮ ಊರಲ್ಲಿ ಸಿಲ್ವರ್ ಓಕ್ ಎಲೆ ಗುಡಿಸಿ ಗುಡಿಸಿ ಬೆಂಕಿ ಹಾಕುತ್ತೇವೆ.

ಬೋರ್ ಪಾಯಿಂಟ್

ಇಷ್ಟೆಲ್ಲ ಯಾಕೆ? ಇನ್ನೊಂದು ಬೋರು ಕೊರೆಸಿ. ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಮಾಡುವವರು ನನಗೆ ಗೊತ್ತಿದ್ದಾರೆ.

ಪ್ಲಂಬರ್ ಅಣ್ಣ

ಇರುವ ಬೋರಿಗೇ ನೀರಿಲ್ಲ, ಪಕ್ಕದಲ್ಲಿ ಇನ್ನೊಂದು ತೂತು ಹಾಕಿದರೆ ಅದೇ ನೀರನ್ನು ಎರಡು ಕಡೆಯಿಂದ ಎಳೆದ ಹಾಗೆ. ಅಂತರ್ಜಲ ಕುಸಿದ ತಾಲ್ಲೂಕು ಅಂತ ಅಧಿಸೂಚನೆ ಆಗಿರುವ ಕಡೆ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕೊರೆಸುವ ಹಾಗೂ ಇಲ್ಲ. ಮೊದಲು ವಿಚಾರಿಸಿ. ಫೇಲ್ ಆದ ಹಳೆ ಬೋರು ಇದ್ದರೆ ಅದರ ಬಾಯಿಗೆ ಗಟ್ಟಿ ಕ್ಯಾಪ್ ಹಾಕಿಸಿ, ಪಾರ್ಕಿನಲ್ಲಿ ಮಕ್ಕಳು ಓಡಾಡುತ್ತಾರೆ.

ನಾನು ಹೇಳಲು ಬಂದದ್ದು ಬೇರೆ. ಪೈಪ್ ಎಷ್ಟು ನೀರು ಬಿಡುತ್ತದೆ ಅಂತ ಯಾರಾದರೂ ಅಳೆದಿದ್ದೀರಾ? 10 ಲೀಟರ್ ಬಕೆಟ್ ಇಡಿ, ಮೊಬೈಲಲ್ಲಿ ಟೈಮ್ ನೋಡಿ. ಅರ್ಧ ಇಂಚಿನ ಪೈಪಲ್ಲಿ ಪ್ರೆಶರ್ ಚೆನ್ನಾಗಿದ್ದರೆ ಅರ್ಧ ನಿಮಿಷಕ್ಕೆ ತುಂಬುತ್ತದೆ. ಅಂದರೆ ನಿಮಿಷಕ್ಕೆ 20 ಲೀಟರ್. ಮಾಲಿ ಪೈಪನ್ನು ಗಿಡದ ಬುಡಕ್ಕೆ ಬಿಟ್ಟು ಫೋನಲ್ಲಿ ಮಾತಾಡುತ್ತಾ ಅರ್ಧ ಗಂಟೆ ನಿಂತರೆ 600 ಲೀಟರ್ ಹೋಯಿತು. ಒಂದು ಕಲ್ಯಾಣ ಮಂಟಪದ ಲಾನಿನ ಲೈನ್ ರಿಪೇರಿಗೆ ಹೋಗಿದ್ದೆ. ಕಾಂಪೌಂಡ್ ಪಕ್ಕ ಒಂದು ಮೂಲೆ ಮಾತ್ರ ಬೇಸಿಗೆಯಲ್ಲೂ ಸೊಂಪಾಗಿ ಬೆಳೆದಿತ್ತು, ಎಲ್ಲರಿಗೂ ಖುಷಿ. ಅಗೆದು ನೋಡಿದರೆ ಜಾಯಿಂಟ್ ಬಿಟ್ಟು ಒಳಗೇ ಹರಿಯುತ್ತಿತ್ತು. ನಿಮ್ಮ ಪಾರ್ಕಿನಲ್ಲೂ ಅಂಥ ಸೊಂಪಾದ ಮೂಲೆ ಇದ್ದರೆ ಅನುಮಾನಪಡಿ. ರಾತ್ರಿ ಎಲ್ಲ ವಾಲ್ವ್ ಬಂದ್ ಮಾಡಿ ಮೀಟರ್ ನೋಡಿ, ತಿರುಗುತ್ತಿದ್ದರೆ ಲೀಕ್ ಇದೆ ಅಂತಲೇ ಅರ್ಥ.

ಲೇಔಟ್ ಸೆಕ್ರೆಟರಿ

ಒಂದು ಮೂಲೆ ಹಾಗೇ ಇದೆ ಅಣ್ಣ! ನಾಳೆಯೇ ನೋಡಿಸುತ್ತೇನೆ.

ಗಿಡಕ್ಕೆ 20 ಲೀಟರ್ ಅಂದರಲ್ಲ ಅಕ್ಕ, ನಮ್ಮಲ್ಲಿ ನೀರು ಒಳಗೆ ಇಳಿಯುವುದೇ ಇಲ್ಲ. ಸುರಿದ ತಕ್ಷಣ ಹರಿದು ದಾರಿಗೆ ಬರುತ್ತದೆ. ಲೇಔಟ್ ಮಾಡುವಾಗ ಕಟ್ಟಡದ ಕಸವನ್ನೆಲ್ಲ ಅಲ್ಲೇ ತುಂಬಿ ಮೇಲೆ ಕೆಂಪು ಮಣ್ಣು ಎಳೆದಿದ್ದಾರೆ.

ನರ್ಸರಿ ಅಕ್ಕ

ಹೆಚ್ಚಿನ ಲೇಔಟ್ ಪಾರ್ಕುಗಳ ಕಥೆ ಇದೇ. ಹೀಗೆ ಮಾಡಿ.

ಬುಡದಿಂದ ಒಂದೂವರೆ ಎರಡು ಅಡಿ ದೂರದಲ್ಲಿ, ಕೊಂಬೆಯ ತುದಿ ಎಲ್ಲಿಗೆ ಬರುತ್ತದೋ ಆ ಸುತ್ತಿಗೆ ಪಾತಿ ಕಟ್ಟಿ. ಕಾಂಡಕ್ಕೆ ನೀರು ಸುರಿದು ಪ್ರಯೋಜನ ಇಲ್ಲ, ನೀರು ಹೀರುವ ಎಳೆ ಬೇರು ಅಲ್ಲಿಲ್ಲ. ಪಾತಿಯಲ್ಲಿ ಎರಡು ಕಡೆ ಹಾರೆಯಿಂದ ಒಂದೂವರೆ ಅಡಿ ಗುಂಡಿ ತೆಗೆದು ನಾಲ್ಕು ಇಂಚಿನ ಪಿವಿಸಿ ಪೈಪ್ ತುಂಡು ನಿಲ್ಲಿಸಿ, ಒಳಗೆ ಜಲ್ಲಿ ತುಂಬಿ. ನೀರನ್ನು ಪೈಪಿಗೇ ಹಾಕಿ. ಮೇಲಿನ ಗಟ್ಟಿ ಪದರ ದಾಟಿ ಸೀದಾ ಬೇರಿಗೆ ಹೋಗುತ್ತದೆ. ಪೈಪ್ ಇಲ್ಲದ ಗಿಡಕ್ಕೆ ಹಳೆ 20 ಲೀಟರ್ ಕ್ಯಾನ್ ತಳಕ್ಕೆ ಸೂಜಿ ಕಾಯಿಸಿ ತೂತು ಮಾಡಿ ಇಟ್ಟುಬಿಡಿ. ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ.

ಹಾಕಿದ ಮರುದಿನ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಪಾತಿಯಲ್ಲಿ ಚುಚ್ಚಿ. ಮಣ್ಣು ಒದ್ದೆ ಇರುವವರೆಗೆ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದ ಕಡೆ ನಿಲ್ಲುತ್ತದೆ. ಅರ್ಧ ಅಡಿಗೂ ಇಳಿಯದಿದ್ದರೆ ನೀರು ಬೇರಿಗೆ ಸಿಕ್ಕಿಲ್ಲ. ಎಷ್ಟು ಲೀಟರ್ ಅಂತ ನನ್ನನ್ನು ಕೇಳುವುದಕ್ಕಿಂತ ಸ್ಕ್ರೂಡ್ರೈವರನ್ನು ಕೇಳುವುದು ಒಳ್ಳೆಯದು.

ಆಮೇಲೆ ಪಾತಿ ತುಂಬ ಹೊಟ್ಟಿನದೋ ತರಗಿನದೋ ಮೂರು ಇಂಚು ಮುಚ್ಚಿಗೆ. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ, ಬುಡ ಕೊಳೆಯುತ್ತದೆ. ಪಲ್ಪಿಂಗ್ ಆದ, ಅಂದರೆ ಕಾಫಿ ಹಣ್ಣಿಂದ ಸುಲಿದ, ಹಸಿ ಸಿಪ್ಪೆ ತರಬೇಡಿ, ಅದು ಬಿಸಿಯಾಗುತ್ತದೆ, ವಾಸನೆ, ನೊಣ ಬೇರೆ. ಒಣಗಿದ ಹೊಟ್ಟು ತನ್ನಿ.

ನೀರು ಹಾಕುವ ಹೊತ್ತು ಬೆಳಗ್ಗೆ ಏಳರ ಒಳಗೆ. ಮಾಲಿ ಬರುವುದೇ ಹತ್ತಕ್ಕೆ ಅನ್ನಬೇಡಿ.

ರಿಟೈರ್ಡ್ ಮೇಷ್ಟ್ರು

ಎಲ್ಲ ಓದಿದೆ. ಒಂದು ಸಂಗತಿ ಬಿಟ್ಟುಹೋಗಿದೆ. ಟ್ಯಾಂಕರ್ ನೀರೇ ಯಾಕೆ? ಹಿಂದೆ ನಮ್ಮ ಕಡೆ ಪ್ರತಿ ಮನೆಯ ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕೆಸುವಿಗೆ ಹೋಗುತ್ತಿತ್ತು. ಬಾಳೆಗೆ ಅಂತ ಯಾರೂ ಬೇರೆ ನೀರು ಹಾಕಿದ್ದು ನಾನು ಕಂಡಿಲ್ಲ. ಈಗ ಅಷ್ಟೂ ಒಳಚರಂಡಿಗೆ ಹೋಗುತ್ತದೆ. ಪಾರ್ಕಿನ ಪಕ್ಕದ ನಾಲ್ಕೈದು ಮನೆಯವರು ವಾಷಿಂಗ್ ಮೆಷಿನ್ ಪೈಪ್ ಒಂದನ್ನು ಡ್ರಮ್ಮಿಗೆ ಬಿಟ್ಟರೂ ಸಾಕು, ಎಷ್ಟೋ ಗಿಡಕ್ಕೆ ಆಗುತ್ತದೆ.

ಕಾಫಿಗಿಡ

ಮೇಷ್ಟ್ರೇ, ಆ ಕಾಲದಲ್ಲಿ ಸೀಗೆಪುಡಿ, ಕಡಲೆಹಿಟ್ಟು. ಈಗಿನ ಡಿಟರ್ಜೆಂಟ್ ಬೇರೆ. ದಿನಾ ಅದನ್ನೇ ಸುರಿದರೆ ಸೋಡಿಯಂ ಕೂತು ಮಣ್ಣು ಸಿಮೆಂಟ್ ಆಗುತ್ತದೆ.

ನರ್ಸರಿ ಅಕ್ಕ

ಇಬ್ಬರ ಮಾತೂ ನಿಜ. ಮೊದಲ ಸಲ ಸೋಪಿನ ನೀರು ಬರುತ್ತದಲ್ಲ, ಅದನ್ನು ಚರಂಡಿಗೆ ಬಿಡಿ. ಜಾಲಿಸಿದ ನೀರು ಹಿಡಿಯಿರಿ. ಅದೂ ಒಂದೇ ಗಿಡಕ್ಕೆ ಪ್ರತಿ ದಿನ ಬೇಡ, ಸರದಿ ಮೇಲೆ ಹಾಕಿ, ನಡುವೆ ಒಮ್ಮೊಮ್ಮೆ ಒಳ್ಳೆ ನೀರು ಕೊಡಿ. ಹೊಂಗೆ, ಬೇಲಿ, ಬಾಳೆ, ಕಾಬಾಳೆ ತಡೆಯುತ್ತವೆ. ಸೊಪ್ಪು ತರಕಾರಿಗೆ ಬೇಡವೇ ಬೇಡ. ಹಿಡಿದ ದಿನವೇ ಖಾಲಿ ಮಾಡಿ, ಮಾರನೇ ದಿನಕ್ಕೆ ಇಟ್ಟರೆ ನಾರುತ್ತದೆ. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರಿಗೆ ಈ ಯಾವ ರಗಳೆಯೂ ಇಲ್ಲ, ಮನೆ ಮುಂದಿನ ಕುಂಡಗಳಿಗೆ ಅದೇ ಸಾಕು.

ಆರ್‌ಓ ಮೆಷಿನ್‌ನಿಂದ ಹೊರಗೆ ಹೋಗುವ ನೀರಲ್ಲಿ ಉಪ್ಪು ಜಾಸ್ತಿ. ಅದನ್ನು ನೆಲ ಒರೆಸುವುದಕ್ಕೆ, ಟಾಯ್ಲೆಟ್‌ಗೆ ಬಳಸಿ.

ಮೂರನೇ ಕ್ರಾಸ್

ಡ್ರಮ್ ಇಟ್ಟರೆ ಸೊಳ್ಳೆ. ಡೆಂಗಿ ಬಂದರೆ ಹೊಣೆ ಯಾರು?

ಪ್ಲಂಬರ್ ಅಣ್ಣ

ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಿ, ಕೆಳಗೆ ನಲ್ಲಿ ಹಾಕಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರವಾದರೂ ಬೇಕು. ಅಕ್ಕ ಹೇಳಿದ ಹಾಗೆ ಅವತ್ತಿನದು ಅವತ್ತೇ ಖಾಲಿಯಾದರೆ ಅದಕ್ಕೆ ಟೈಮೇ ಸಿಗುವುದಿಲ್ಲ.

ಬೆಂಗಳೂರಿಂದ ವಾಪಸ್

ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನೇ ಗಿಡಗಳಿಗೆ ಬಿಡುತ್ತಾರೆ. ಬೆಂಗಳೂರಿನ ಅಂಥ ನೀರು ಕೋಲಾರದ ಕೆರೆಗಳಿಗೇ 2018ರಿಂದ ಹೋಗುತ್ತಿದೆ. ದೊಡ್ಡ ಅಪಾರ್ಟ್‌ಮೆಂಟ್, ಹೋಟೆಲ್‌ಗಳಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಘಟಕ ಇರುತ್ತದಲ್ಲ, ನಮ್ಮ ಊರಲ್ಲೂ ಅಂಥವರನ್ನು ಕೇಳಿ ನೋಡಬಹುದು. ಮೊದಲು ಎಲ್ಲ ನಿಲ್ಲಿಸಿ ಅಂದಿದ್ದೆ. ಗಿಡಕ್ಕೆ ಒಂದೂವರೆ ಲೋಡು ಅಂದರೆ ನನ್ನ ತಕರಾರಿಲ್ಲ. ಹುಲ್ಲಿಗೆ ಈಗಲೂ ಬೇಡ.

ರಿಟೈರ್ಡ್ ಮೇಷ್ಟ್ರು

ಮಳೆ ಬಂದಾಗ ಹಿಡಿಯುವುದಕ್ಕೂ ಈಗಲೇ ಸಿದ್ಧ ಮಾಡಿ. ಭರಣಿ ಮಳೆ ಹುಯ್ದರೆ ಧರಣಿಯೆಲ್ಲ ಬೆಳೆ ಅಂತಾರೆ. ಏಪ್ರಿಲ್ ಕೊನೆಗೆ ಭರಣಿ ಬರುತ್ತದೆ. ಪಾರ್ಕಿಗೆ ಅಂಟಿಕೊಂಡು ಸಂಘದ ಕಟ್ಟಡ ಇದೆಯಾ? 1,200 ಚದರ ಅಡಿ ತಾರಸಿ ಇದ್ದರೆ ಒಂದು ಇಂಚು ಮಳೆಗೆ, ಸೋರಿಹೋಗುವುದನ್ನು ಕಳೆದರೂ, 2,200 ಲೀಟರ್ ಸಿಗುತ್ತದೆ. ನಿಮ್ಮ 40 ಗಿಡಕ್ಕೆ ಒಂದು ವಾರಕ್ಕಿಂತ ಜಾಸ್ತಿ ಆಯಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ಕಾಕ್ ಇರಲಿ.

ಲೇಔಟ್ ಸೆಕ್ರೆಟರಿ

ಕಟ್ಟಡ ಇದೆ ಮೇಷ್ಟ್ರೇ. ಹೆಚ್ಚುಕಮ್ಮಿ ಅಷ್ಟೇ ತಾರಸಿ. ಈಗ ಆ ನೀರೆಲ್ಲ ರಸ್ತೆಗೆ ಬೀಳುತ್ತದೆ.

ನಿನ್ನೆ ರಾತ್ರಿ ಮತ್ತೆ ಮೀಟಿಂಗ್ ಆಯಿತು. ಅಕ್ಕನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. ಹುಲ್ಲಿಗೆ 13, ಗಿಡಕ್ಕೆ ಒಂದೂವರೆ ಅಂತ ಕಂಡ ಮೇಲೆ ಜಗಳ ಅರ್ಧ ಇಳಿಯಿತು. ತಿಂಗಳಿಗೆ ಎರಡು ಲೋಡು ತರಿಸುವುದು, ಗಿಡಕ್ಕೆ ಮೊದಲು, ಉಳಿದದ್ದು ಕೊರಿಯನ್ ಗ್ರಾಸ್ ಇರುವ ಅರ್ಧಕ್ಕೆ. ಗರಿಕೆ ಕಡೆ ಹಗ್ಗ. ಆ ಸೊಂಪಾದ ಮೂಲೆಯಲ್ಲಿ ಅಗೆದಾಗ ವಾಲ್ವ್ ಹತ್ತಿರ ಜಿನುಗುತ್ತಿತ್ತು, ಬದಲಾಯಿಸಿದ್ದಾಯಿತು. ಮಕ್ಕಳ ಆಟಕ್ಕೆ ಎಲ್ಲಿ ಜಾಗ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ, ಕ್ರಿಕೆಟ್ ತಂಡದವರು ಹಗ್ಗ ಕಂಡರೆ ಬಿಡುವವರಲ್ಲ.

ಹೊಟ್ಟು ಎಲ್ಲಿ ಸಿಗುತ್ತದೆ?

ಮೂರನೇ ಕ್ರಾಸ್

ಮೂಲೆ ಬೆಂಚಿನ ಸುತ್ತ ಹೊಟ್ಟು ಮೊದಲು ಹಾಸಿ, ನಮ್ಮ ತಾಯಿ ಕೂರುವುದು ಅಲ್ಲಿ. ವಾಷಿಂಗ್ ಮೆಷಿನ್ ಡ್ರಮ್ ನಮ್ಮ ಮನೆಯಲ್ಲಿ ಇಡುತ್ತೇನೆ, ಪರದೆ ಬಟ್ಟೆ ನೀವು ಕೊಡಿಸಿ.

ಕಾಫಿಗಿಡ

ಕಾಫಿ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಕಡೆ ವಿಚಾರಿಸಿ, ಒಣ ಹೊಟ್ಟು ಇರುತ್ತದೆ. ಸಿಗದಿದ್ದರೆ ನಮ್ಮ ತೋಟಕ್ಕೆ ಬನ್ನಿ, ಓಕ್ ತರಗು ಬೇಕಾದಷ್ಟು ಬಿದ್ದಿದೆ. ಗೋಣಿಚೀಲ ನೀವೇ ತರಬೇಕು. ಬೆಳಗ್ಗೆ ಇಬ್ಬನಿ ಇರುವಾಗಲೇ ತುಂಬಿಕೊಳ್ಳಿ, ಬಿಸಿಲೇರಿದ ಮೇಲೆ ಹಿಡಿದರೆ ಪುಡಿಪುಡಿ ಆಗುತ್ತದೆ.